ಕಾಯುವವರಿಗೊಂದು ಗೋಡೆ

ಬೋರ್ಡ್ ಬರೆಯುವುದು ನನ್ನ ಕಸುಬು. ಹಾಸನದಲ್ಲಿ ಅಂಗಡಿ ಬೋರ್ಡು, ಲಾರಿ ಹಿಂದಿನ ಅಕ್ಷರ, ನಾಟಕದ ಪರದೆ ಬರೆದುಕೊಂಡಿದ್ದವನು ಫ್ಲೆಕ್ಸ್ ಬಂದ ಮೇಲೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದೆ. ರೈಲು ನಿಲ್ದಾಣದ ಗೋಡೆಯನ್ನೂ ಚಿತ್ರಕ್ಕೆ ಕೊಡುತ್ತಾರೆ ಅನ್ನೋದು ಗೊತ್ತಾಗಿದ್ದು ಅಲ್ಲೇ. ಸೃಷ್ಟಿ ಕಲಾಶಾಲೆಯ ಹುಡುಗರು ‘ಆರ್ಟ್ ಇನ್ ಟ್ರಾನ್ಸಿಟ್’ ಅಂತ ಪೀಣ್ಯ ಮೆಟ್ರೊ ನಿಲ್ದಾಣದಲ್ಲಿ ಶುರು ಮಾಡಿ, ಆಮೇಲೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲೂ ಕೆಲಸ ಮಾಡಿದ್ದರು. ರಜೆಯ ದಿನ ಟಿಕೆಟ್ ತಗೊಂಡು ಅದನ್ನು ನೋಡಲೆಂದೇ ಹೋಗುತ್ತಿದ್ದೆ.

ಚಿತ್ರಗಳಿಗಿಂತ ಹೆಚ್ಚಾಗಿ ನೋಡಿದ್ದು ಜನರನ್ನು. ಎಸ್ಕಲೇಟರ್ ಇಳಿಯುವವರ ಕಣ್ಣು ಗೋಡೆಯ ಮೇಲೆ ಎಷ್ಟು ಹೊತ್ತು ಇರುತ್ತದೆಂದು ಮನಸ್ಸಿನಲ್ಲೇ ಎಣಿಸಿದೆ. ಏಳೆಂಟು ಎಣಿಸುವಷ್ಟರಲ್ಲಿ ಮುಗಿಯಿತು. ಸ್ವಲ್ಪ ಹೊತ್ತಿಗೊಂದು ರೈಲು ಬರುವ ಕಡೆ ನಿಂತು ನೋಡುವವರು ಯಾರು? ಅಲ್ಲಿ ದೊಡ್ಡ ಆಕಾರ, ನಾಲ್ಕೈದು ಬಣ್ಣ, ನಡೆಯುತ್ತಲೇ ಹಿಡಿಸುವಂಥದ್ದು ಬೇಕು. ಮೇಲಾಗಿ ಕಬ್ಬನ್ ಪಾರ್ಕ್ ನಿಲ್ದಾಣ ನೆಲದಡಿ ಇರುವುದರಿಂದ ಗೋಡೆಗೆ ಬಿಸಿಲು, ಮಳೆಯ ಕಾಟವಿಲ್ಲ.

ಊರಿಗೆ ವಾಪಸಾದ ಮೇಲೆ ಹಾಸನದ ರೈಲು ನಿಲ್ದಾಣದ ಹತ್ತಿರ ಒಂದು ಗೋಡೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಉದ್ದ 40 ಅಡಿ, ಎತ್ತರ 9 ಅಡಿ, ಎದುರಿಗೆ ಕಲ್ಲುಬೆಂಚು. ಕೇಳಿದವರೆಲ್ಲ ‘ಶಿಲಾಬಾಲಿಕೆ ಬರೀರಿ’ ಅಂದರು. ನನಗೆ ಮನಸ್ಸಾಗಲಿಲ್ಲ. ಬೇಲೂರಿನ ಗುಡಿ 1117ರದು. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೂ ಸೇರಿತು. ಅಲ್ಲಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು. ಅದಕ್ಕೇ ಬಳೆ, ಸರ, ಕೂದಲಿನ ಎಳೆಯನ್ನೂ ಕೊರೆಯಲು ಆಯಿತು. ಆ ಬಾಲಿಕೆಯರಿಗೆ ಜೀವ ತುಂಬುವುದು ಕೊರೆದ ಆಳದಲ್ಲಿ ಬೀಳುವ ನೆರಳು. ಅದನ್ನು ನಾನು ಚಪ್ಪಟೆ ಗೋಡೆಗೆ ಎಮಲ್ಷನ್‌ನಲ್ಲಿ ಬಳಿದರೆ ಕ್ಯಾಲೆಂಡರ್ ಆಗುತ್ತದೆ. ಬಸ್ ಹತ್ತಿದರೆ ನಿಜವಾದದ್ದೇ ಕಾಣುವ ಊರಿನವರಿಗೆ ಅದರ ನಕಲು ಯಾಕೆ ತೋರಿಸಬೇಕು?

ಬ್ರಷ್ ಮುಟ್ಟುವ ಮೊದಲು ನಾಲ್ಕು ದಿನ ಆ ಬೆಂಚಿನ ಮೇಲೆ ಕೂತೆ. ಇಲ್ಲಿ ಯಾರೂ ಓಡುವುದಿಲ್ಲ, ಕಾಯುತ್ತಾರೆ. ಮಳೆಗಾಲದಲ್ಲಿ ಸಕಲೇಶಪುರದಾಚೆ ಘಾಟಿಯಲ್ಲಿ ಮಣ್ಣು ಕುಸಿದರಂತೂ ಮಂಗಳೂರು ಕಡೆಯ ರೈಲು ಯಾವಾಗ ಬರುತ್ತದೋ ಹೇಳುವವರಿಲ್ಲ. ಚೀಲ, ಮಗು, ಊಟದ ಡಬ್ಬಿ ಇಟ್ಟುಕೊಂಡು ಒಂದೊಂದು ತಾಸು ಅದೇ ಗೋಡೆ ನೋಡುತ್ತಾ ಕೂರಬೇಕು. ಮೆಟ್ರೊದಲ್ಲಿ ಕಲಿತದ್ದನ್ನು ತಿರುವಿ ಹಾಕಬೇಕೆಂದು ಆಗ ಹೊಳೆಯಿತು. ಎಷ್ಟು ಹೊತ್ತು ನೋಡಿದರೂ ಇನ್ನೊಂದು ಏನೋ ಸಿಗುತ್ತಿರಬೇಕು. ಆಲೂಗೆಡ್ಡೆಯ ಒಂದು ವರ್ಷ ಬರೆಯುವುದೆಂದು ತೀರ್ಮಾನಿಸಿದೆ. ಜಲಂಧರ್‌ನಿಂದ ಬಿತ್ತನೆ ಗೆಡ್ಡೆಯ ಲಾರಿ ಬಂದಲ್ಲಿಂದ ಹಿಡಿದು ಗೆಡ್ಡೆ ಹೆಚ್ಚುವ ಹೆಂಗಸರು, ಮುಂಗಾರಿನ ಮೊದಲ ಮಳೆ, ಸಾಲು, ಅಂಗಮಾರಿ ಬಂದ ಎಲೆ, ಅಗೆತ, ಕೊನೆಗೆ ಮಾರುಕಟ್ಟೆಯಲ್ಲಿ ಚೀಲದ ಬಾಯಿ ಹೊಲಿಯುವವರೆಗೆ.

ಗೋಡೆ ತಯಾರಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಾನು ಸೋತಿದ್ದು ಅಲ್ಲೇ. ಹಿಂದಿನ ವರ್ಷ ಬೇರೊಂದು ಕಡೆ, ಗುತ್ತಿಗೆ ಹಿಡಿದವರು ಉದ್ಘಾಟನೆಗೆ ದಿನ ಇಲ್ಲವೆಂದು ಅವಸರ ಮಾಡಿದ್ದಕ್ಕೆ ಹಸಿ ಪ್ಲಾಸ್ಟರಿನ ಮೇಲೇ ಬಣ್ಣ ಹಚ್ಚಿದ್ದೆ. ಎರಡು ತಿಂಗಳಲ್ಲಿ ಬಿಳಿ ಉಪ್ಪು ಉಕ್ಕಿ ಬಂದು, ಬಣ್ಣ ಹಪ್ಪಳದ ಹಾಗೆ ಎದ್ದಿತು. ಸಿಮೆಂಟಿನೊಳಗಿನ ನೀರು ಹೊರಗೆ ಬರುವಾಗ ಉಪ್ಪನ್ನೂ ಎಳೆದುಕೊಂಡು ಬರುತ್ತದೆ. ಮೇಲೆ ಬಣ್ಣದ ಪದರ ಇದ್ದರೆ ಅದನ್ನು ತಳ್ಳಿಯೇ ಬರುತ್ತದೆ. ಈ ಸಲ ಪ್ಲಾಸ್ಟರ್ ಆಗಿ 28 ದಿನ ಕಳೆದರೂ ನಂಬಲಿಲ್ಲ. ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಒಳಮೈಯಲ್ಲಿ ಸಣ್ಣ ಸಣ್ಣ ಹನಿ. ಇನ್ನೂ ಹದಿನೈದು ದಿನ ಕಾದೆ. ಹಾಳೆ ಒಣಗಿ ಬಂದ ಮೇಲೆಯೇ ಒರಟು ಬ್ರಷ್‌ನಲ್ಲಿ ಉಜ್ಜಿ, ಕ್ಷಾರ ತಡೆಯುವ ಪ್ರೈಮರ್ ಒಂದು ಕೈ, ಅದು ಒಣಗಿದ ಮೇಲೆ ಹೊರಗೋಡೆಯ ಎಮಲ್ಷನ್. ಪುಟ್ಟಿ ಹಾಕಲೇ ಇಲ್ಲ. ಮಳೆ ಬಡಿಯುವ ಗೋಡೆಗೆ ಪುಟ್ಟಿ ಆಗಿಬರುವುದಿಲ್ಲ ಅನ್ನೋದು ನನ್ನ ಅನುಭವ.

ಚಿತ್ರ ದೊಡ್ಡದು ಮಾಡುವುದು ಹಳೇ ಪರದೆಯ ಲೆಕ್ಕವೇ. ಕಾಗದದ ಮೇಲೆ ಒಂದು ಅಂಗುಲ, ಗೋಡೆಯ ಮೇಲೆ ಒಂದು ಅಡಿ. ನೀಲಿ ಪುಡಿ ಹಚ್ಚಿದ ದಾರವನ್ನು ಎರಡು ಕಡೆ ಎಳೆದು ಹಿಡಿದು ಚಿಮ್ಮಿಸಿದರೆ ಗೆರೆ ಬೀಳುತ್ತದೆ. ಹಾಗೆ 360 ಚೌಕ.

ಎಲೆ ಅಡಿಕೆ ಉಗಿಯುವ ಎತ್ತರಕ್ಕೆ ಏನು ಮಾಡುವುದೆಂಬ ಚಿಂತೆಗೆ ಉತ್ತರ ನಮ್ಮ ಅಜ್ಜಿಯ ಮನೆಯಲ್ಲೇ ಇತ್ತು. ಹಬ್ಬಕ್ಕೆ ಸುಣ್ಣ ಹೊಡೆದು ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರಲ್ಲ, ಮಳೆನೀರು ಚಿಮ್ಮಿದರೂ ಕೊಳೆ ಕಾಣದ ಹಾಗೆ, ಅದನ್ನೇ ಇಲ್ಲಿ ಮೂರಡಿ ಎತ್ತರಕ್ಕೆ ಎಳೆದೆ. ಅದೇ ಹೊಲದ ಮಣ್ಣೂ ಆಯಿತು. ಆ ಮಣ್ಣೊಳಗೆ, ಮಕ್ಕಳ ಕಣ್ಣಿನ ಮಟ್ಟಕ್ಕೆ, ಎರೆಹುಳ, ಇರುವೆಸಾಲು, ಯಾರದೋ ಬಿದ್ದುಹೋದ ಬಳೆಚೂರು ಬರೆದೆ. ಉಗುಳಿದ್ದನ್ನು ತೊಳೆಯಲು ಆಗುವಂತೆ ಕೊನೆಗೆ ಅದರ ಮೇಲೆ ಎರಡು ಕೈ ಕ್ಲಿಯರ್ ಕೋಟ್.

ಕೆಲಸ ಮುಗಿಯಲು ಎರಡು ದಿನ ಇದ್ದಾಗ, ಬೆಂಚಿನ ಮೇಲೆ ಬಹಳ ಹೊತ್ತಿನಿಂದ ಕೂತಿದ್ದ ಒಬ್ಬ ಅಜ್ಜಿ ಎದ್ದು ಸಾರವೆಯ ಹತ್ತಿರ ಬಂದರು. ಹೆಂಗಸರು ಬಿತ್ತನೆ ಗೆಡ್ಡೆ ಹೆಚ್ಚುವ ಭಾಗದ ಮುಂದೆ ನಿಂತು, ‘ಇವನ್ನೆಲ್ಲ ನೀನೇ ಬರ್ದಿದ್ದೇನಪ್ಪ?’ ಅಂದರು.

‘ಹೂಂ ಅಜ್ಜಿ.’

‘ತುಂಡು ಚೆನ್ನಾಗ್ ಮಾಡಿದ್ದೀಯ. ಆದ್ರೆ ಕಣ್ಣೇ ಇಲ್ವಲ್ಲ ಮಗ, ಮೊಳೆಯೋದು ಹೆಂಗೆ?’

ನೋಡಿದೆ. ಬುಟ್ಟಿಯಲ್ಲಿದ್ದ ಮೂವತ್ತೋ ನಲವತ್ತೋ ತುಂಡುಗಳಲ್ಲಿ ಒಂದಕ್ಕೂ ಮೊಳಕೆಯ ಕಣ್ಣಿಲ್ಲ. ನುಣುಪಾದ ಹಳದಿ ತುಂಡುಗಳು, ಸಾಂಬಾರಿಗೆ ಹೆಚ್ಚಿದ ಹಾಗೆ. ಪ್ರತಿ ತುಂಡಿಗೂ ಎರಡಾದರೂ ಕಣ್ಣು ಬರುವಂತೆ ಕತ್ತಿ ಹಿಡಿಯಬೇಕು, ಕಣ್ಣಿಲ್ಲದ್ದು ಮಣ್ಣಲ್ಲಿ ಕೊಳೆತು ಹೋಗುತ್ತದೆ ಅಂತ ಅಜ್ಜಿ ಅಂಗೈ ಮೇಲೆ ಬೆರಳಿಂದ ಕತ್ತರಿಸಿ ತೋರಿಸಿದರು. ನಾನು ಆರನೇ ನಂಬರಿನ ಬ್ರಷ್ ಇಟ್ಟು ಸಣ್ಣದನ್ನು ತೆಗೆದುಕೊಂಡು, ಕಂದು ಬಣ್ಣ ಕಲಸಿ, ಒಂದೊಂದೇ ತುಂಡಿಗೆ ಕಣ್ಣಿಡುತ್ತಾ ಬಂದೆ. ರೈಲು ಬರುವವರೆಗೂ ಅವರು ಅಲ್ಲೇ ನಿಂತು, ‘ಅದಕ್ಕೆ ಒಂದೇ ಆಯ್ತು, ಇನ್ನೊಂದು ಹಾಕು’ ಅಂತ ಹೇಳುತ್ತಲೇ ಇದ್ದರು.