ದೊಡ್ಡ ಪೆಟ್ರೋಲ್ ಎಂಜಿನ್ನಿನ ಹಳೆಯ ಕಾರು: ಚಿಕ್ಕಬಳ್ಳಾಪುರದ ಕಡೆಯವರು ಕೊಳ್ಳುವ ಮುನ್ನ ನೋಡಬೇಕಾದದ್ದು

ಹೋಂಡಾ ಅಕಾರ್ಡ್ ವಿ6, ಸ್ಕೋಡಾ ಸೂಪರ್ಬ್ 3.6ರಂತಹ ಆರು ಸಿಲಿಂಡರಿನ ಪೆಟ್ರೋಲ್ ಕಾರುಗಳು ಈಗ ಹೊಸ ಸಣ್ಣ ಕಾರಿನ ಬೆಲೆಗಿಂತ ಕಡಿಮೆಗೆ ಸಿಗುತ್ತವೆ. ಬೆಲೆ ಇಳಿದಿರುವುದು ಎಂಜಿನ್ ಕೆಟ್ಟದ್ದೆಂದಲ್ಲ, ಅಂಥ ಎಂಜಿನ್ನುಗಳ ಕಾಲ ಮುಗಿಯುತ್ತಿದೆ ಎಂದು. ಕಾರಿನ ಹೊಗೆಯಲ್ಲಿರುವ ಇಂಗಾಲದ ಮಿತಿ ಬಿಗಿಯಾದಂತೆ ಮರ್ಸಿಡಿಸ್ ತನ್ನ ಸಿ63 ಕಾರಿನ ಎಂಟು ಸಿಲಿಂಡರಿನ ವಿ8 ಎಂಜಿನ್ ತೆಗೆದು ಎರಡು ಲೀಟರಿನ ನಾಲ್ಕು ಸಿಲಿಂಡರಿಗೆ ವಿದ್ಯುತ್ ಮೋಟಾರು ಜೋಡಿಸಿತು. ಬೆಂಟ್ಲಿ 2024ರ ಜುಲೈನಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ ತಯಾರಿಕೆಯನ್ನು ನಿಲ್ಲಿಸಿತು. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ 1200 ಸಿಸಿ ಮೀರಿದ ಪೆಟ್ರೋಲ್ ಕಾರಿಗೆ ಶೇ 40 ಜಿಎಸ್‌ಟಿ ಇದ್ದರೆ, ವಿದ್ಯುತ್ ಕಾರಿಗೆ ಶೇ 5 ಮಾತ್ರ ಇದೆ. ಹೀಗಾಗಿ ಈಗ ರಸ್ತೆಯಲ್ಲಿರುವ ವಿ6ಗಳಿಗೆ ಉತ್ತರಾಧಿಕಾರಿಗಳು ಬರುವ ಸಾಧ್ಯತೆ ಕಡಿಮೆ. ಇರುವವು ಒಳ್ಳೆಯವರ ಕೈ ಸೇರಬೇಕೆಂಬುದು ನನ್ನ ಆಸೆ.

ಮೊದಲು ಬಳಕೆಯ ಲೆಕ್ಕ ಹಾಕಿರಿ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 120 ಕಿಮೀ. ಲೀಟರಿಗೆ 8 ಕಿಮೀ ಕೊಡುವ ಕಾರಿಗೆ 15 ಲೀಟರ್ ಬೇಕು, ಎಂದರೆ ದಿನಕ್ಕೆ 1,500 ರೂಪಾಯಿಗೂ ಹೆಚ್ಚು. ಅದೇ ದೂರಕ್ಕೆ ವಿದ್ಯುತ್ ಕಾರಿಗೆ 20 ಯೂನಿಟ್ಟಿನಷ್ಟು ಸಾಕು. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ 140 ರೂಪಾಯಿ. (ಗೃಹಜ್ಯೋತಿ ಪಡೆಯುತ್ತಿರುವವರು ಒಂದನ್ನು ಗಮನಿಸಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.) ದಿನನಿತ್ಯ ಓಡಾಡುವವರು ವಿ6 ಕೊಳ್ಳಬಾರದು ಎಂದೇ ಹೇಳುತ್ತೇನೆ. ವಾರಕ್ಕೊಮ್ಮೆ ಓಡಿಸಿ ಜತನದಿಂದ ಇಟ್ಟುಕೊಳ್ಳುವವರು ಮುಂದೆ ಓದಬಹುದು.

ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂತಿರುಗಿರಿ. ಸೆಲ್ಫ್ ಹೊಡೆದ ಕೂಡಲೇ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ; ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಕೆಳಗಿರುವ ಸೀಲು) ಹೋಗಿರುವ ಸಂಭವ ಹೆಚ್ಚು.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ರೇಡಿಯೇಟರಿಗೆ. ಆಳದ ಬೋರ್‌ವೆಲ್ಲಿನಿಂದ ಬರುವ ನಮ್ಮ ಗಡಸು ನೀರನ್ನು ಕೂಲಂಟಿಗೆ ಬದಲಾಗಿ ಸುರಿಯುವ ಅಭ್ಯಾಸವಿರುವ ಕಡೆ ಅದರ ಲವಣವೆಲ್ಲ ಒಳಗಿನ ಸಣ್ಣ ದಾರಿಗಳಲ್ಲಿ ಬಿಳಿಯ ಪದರವಾಗಿ ಕಟ್ಟಿಕೊಳ್ಳುತ್ತದೆ, ಮತ್ತು ಹೆಚ್ಚು ಬಿಸಿ ಹುಟ್ಟಿಸುವ ದೊಡ್ಡ ಅಲ್ಯೂಮಿನಿಯಂ ಎಂಜಿನ್ ಅದನ್ನು ಬಹಳ ದಿನ ತಡೆಯಲಾರದು. ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿರಿ. ತುಕ್ಕಿನ ಬಣ್ಣವೋ ಬಿಳಿಯ ಪೊರೆಯೋ ಕಂಡರೆ ಆ ಕಾರನ್ನು ಬಿಟ್ಟುಬಿಡುವುದು ಒಳ್ಳೆಯದು. ಕೊಂಡ ಮೇಲೆ ನೀವೂ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟನ್ನೇ ಬಳಸಬೇಕು.

ಆಮೇಲೆ ಕಾರನ್ನು ನಂದಿಬೆಟ್ಟ ಹತ್ತಿಸಿರಿ. ವಾರಾಂತ್ಯದ ದಟ್ಟಣೆಯಲ್ಲಿ ಬೇಡ, ಕೆಲಸದ ದಿನ ಹೋಗಿರಿ. ಮೇಲೆ ತಲುಪಿದ ನಂತರ ಎಂಜಿನ್ ಆಫ್ ಮಾಡದೆ ಹತ್ತು ನಿಮಿಷ ನಿಂತು, ಫ್ಯಾನ್ ತಾನಾಗಿ ತಿರುಗುತ್ತದೆಯೇ, ಬಿಸಿಯ ಮುಳ್ಳು ತನ್ನ ಜಾಗದಲ್ಲೇ ನಿಲ್ಲುತ್ತದೆಯೇ ನೋಡಿರಿ. ಇಳಿಯುವಾಗ ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಂದು, ತಪ್ಪಲಿನಲ್ಲಿ ಒಮ್ಮೆಗೇ ಒತ್ತಿರಿ. ಆಗ ಹಿಂದೆ ನೀಲಿ ಹೊಗೆ ಎದ್ದರೆ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲುಗಳು ಸವೆದಿರುವ ಸಂಭವ ಹೆಚ್ಚು. ಸಮತಟ್ಟಾದ ಹೆದ್ದಾರಿಯಲ್ಲಿ ಇದು ಸುಲಭವಾಗಿ ಕಾಣಿಸುವುದಿಲ್ಲ.

ಅಕಾರ್ಡ್ ವಿ6ನಲ್ಲಿ ಟೈಮಿಂಗ್ ಬೆಲ್ಟ್ (ಪಿಸ್ಟನ್ನಿನ ಲಯಕ್ಕೆ ತಕ್ಕಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಪಟ್ಟಿ) ಇರುತ್ತದೆ. ಅದು ತುಂಡಾದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬೆಲ್ಟನ್ನೂ ವಾಟರ್ ಪಂಪನ್ನೂ ಬದಲಿಸಿದ ಬಿಲ್ಲು ತೋರಿಸದಿದ್ದರೆ, ಬದಲಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸೂಪರ್ಬ್ 3.6ರಲ್ಲಿ ಬೆಲ್ಟಿನ ಬದಲು ಚೈನ್ ಇದೆ. ಆದರೆ ಅದು ಗೇರ್‌ಬಾಕ್ಸಿನ ಬದಿಯಲ್ಲಿರುವುದರಿಂದ ಅದಕ್ಕೆ ಕೈಹಾಕಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಒಪ್ಪಂದಕ್ಕೆ ಮೊದಲು ಗೇರ್‌ಬಾಕ್ಸ್, ಇಗ್ನಿಷನ್ ಕಾಯಿಲ್, ಎಂಜಿನ್ ಮೌಂಟಿಂಗ್ ಸಿಗುತ್ತವೆಯೇ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ವಿಚಾರಿಸಿರಿ. ತಯಾರಿಕೆ ನಿಂತ ಎಂಜಿನ್ ಎಷ್ಟು ಕಾಲ ಓಡುತ್ತದೆ ಎಂಬುದನ್ನು ಓಡೋಮೀಟರಿಗಿಂತ ಬಿಡಿಭಾಗಗಳೇ ತೀರ್ಮಾನಿಸುತ್ತವೆ.

ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹದಿನೈದು ವರ್ಷದ ಹಿಂದಿನ ಕಾರಿನ ರಬ್ಬರ್ ಪೈಪುಗಳೂ ಸೀಲುಗಳೂ ಇದಕ್ಕೆಂದು ತಯಾರಾದವಲ್ಲವಾದ್ದರಿಂದ ಅವುಗಳನ್ನು ಬದಲಿಸುವುದು ಕ್ಷೇಮ. ಎಥೆನಾಲ್ ತೇವವನ್ನು ಹೀರಿಕೊಳ್ಳುವುದರಿಂದ ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಬಾರದು.

ಕಾಗದಪತ್ರಗಳ ವಿಷಯದಲ್ಲಿ ಆರ್‌ಸಿಯ ದಿನಾಂಕ ಮುಖ್ಯ. ಹದಿನೈದು ವರ್ಷ ತುಂಬಿದ ಕಾರಿಗೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಹೊರರಾಜ್ಯದಿಂದ ಅಗ್ಗಕ್ಕೆ ಬಂದ ಕಾರಾದರೆ ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇರಬೇಕು, ಇಲ್ಲಿನ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಆ ಮೊತ್ತವನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ನಂತರವೇ ಮುಂಗಡ ಕೊಡಿರಿ.