ಲಾರಿಯನ್ನು ರೈಲಿಗೆ ಹತ್ತಿಸಿದ ಲೆಕ್ಕ

ನನ್ನ ಊರು ಕುಂದಾಪುರದ ಹತ್ತಿರ. 2019ರ ಮಾಡೆಲ್ ಹತ್ತು ಚಕ್ರದ ಲಾರಿಯೊಂದಿದೆ. ಓನರೂ ನಾನೇ, ಡ್ರೈವರೂ ನಾನೇ. ಮಂಗಳೂರಿನ ಬೈಕಂಪಾಡಿಯಲ್ಲಿ ಪ್ಲಾಸ್ಟಿಕ್ ಕಾಳಿನ ಮೂಟೆ ತುಂಬಿಕೊಂಡು ಮುಂಬೈ ಕಡೆ ಹೋಗುವುದು, ಕಲಂಬೋಲಿಯಲ್ಲಿ ಕಬ್ಬಿಣ ಹಾಕಿಕೊಂಡು ವಾಪಸ್ ಬರುವುದು. ವರ್ಷಗಟ್ಟಲೆ ಇದೇ ಕೆಲಸ.

ಸುರತ್ಕಲ್ಲಿನಲ್ಲಿ ಲಾರಿಗಳನ್ನು ರೈಲಿನ ಮೇಲೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡಿಗೆ ಒಯ್ಯುತ್ತಾರೆ ಎಂಬುದು ಗೊತ್ತಿಲ್ಲದ ವಿಷಯ ಏನಲ್ಲ. ರೋ-ರೋ ಅಂತಾರೆ. ಕೊಂಕಣ ರೈಲ್ವೆ ಇದನ್ನು 1999ರಲ್ಲಿ ಕೋಲಾಡ್‌ನಿಂದ ಗೋವಾದ ವೆರ್ನಾಕ್ಕೆ ಶುರು ಮಾಡಿತ್ತು, ಆಮೇಲೆ ಸುರತ್ಕಲ್‌ಗೂ ಬಂತು. ಆದರೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಚಕ್ರ ಇರುವುದೇ ಓಡೋದಕ್ಕೆ, ಅದನ್ನು ದುಡ್ಡು ಕೊಟ್ಟು ಹೊರಿಸುವುದು ಯಾಕೆ ಅನ್ನೋ ಜಂಬ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. (ಬೈಂದೂರಿನ ಟೋಲ್ ಇರುವ ಶಿರೂರು ಬೇರೆ.) ರಸ್ತೆ ಬದಿ ಲಾರಿ ನಿಲ್ಲಿಸಿ ನಾವು ಚಾ ಕುಡಿಯುತ್ತಿದ್ದ ಜಾಗ ಅದು. ಗಂಗಾವಳಿ ಹೊಳೆಗೆ ಎಲ್ಲ ಜಾರಿಹೋಯಿತು. ನಾನು ಅವತ್ತು ಮನೆಯಲ್ಲೇ ಇದ್ದೆ. ಟೀವಿ ನೋಡುತ್ತಾ ನನ್ನ ಹೆಂಡತಿ ಒಂದೇ ಮಾತು ಹೇಳಿದಳು, "ಇನ್ನು ರೈಲಲ್ಲಿ ಹೋಗಿ, ಇಲ್ಲಾಂದ್ರೆ ಲಾರಿ ಮಾರಿ." ಆ ವರ್ಷ ಮಳೆ ಕಳೆದ ಮೇಲೆ ಮೊದಲ ಸಲ ಸುರತ್ಕಲ್ಲಿಗೆ ಲಾರಿ ತಿರುಗಿಸಿದೆ.

ಮೊದಲು ತೂಕ, ಆಮೇಲೆ ಎತ್ತರ. ಮೇಲೆ 25,000 ವೋಲ್ಟಿನ ತಂತಿ ಇರುವುದರಿಂದ ಎತ್ತರದ ವಿಷಯದಲ್ಲಿ ಮುಲಾಜಿಲ್ಲ. ಟಾರ್ಪಾಲ್ ಒಂದು ಕಡೆ ಉಬ್ಬಿತ್ತು. ಹಗ್ಗ ಬಿಚ್ಚಿ, ಎರಡು ಮೂಟೆ ಜರುಗಿಸಿ, ಮತ್ತೆ ಎಳೆದು ಕಟ್ಟಿದ್ದಾಯಿತು. ಆಮೇಲೆ ರ‍್ಯಾಂಪ್. ರೈಲಿನ ಒಂದು ತುದಿಯಿಂದ ಹತ್ತಿ, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುತ್ತಾ ಮುಂದಿನ ಲಾರಿಯ ಬಾಲದವರೆಗೂ ಓಡಿಸಬೇಕು. ಎರಡು ಕಡೆಯೂ ಟೈರಿನಾಚೆ ಉಳಿಯುವ ಜಾಗ ತೀರಾ ಕಮ್ಮಿ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು ನಾನು, ಅಂಗೈ ಬೆವತಿತ್ತು. ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟರು. ನಾವು ಕ್ಯಾಬಿನ್ನಿನಲ್ಲೇ ಕೂತಿರಬೇಕು. ಲೋಡಿನ ಮೇಲೆ ಹತ್ತುವಂತಿಲ್ಲ.

ಹಾವೇರಿ ಕಡೆಯ ನನ್ನ ಕ್ಲೀನರ್ ಹುಡುಗ ಕಿಟಕಿಗೆ ಮೊಣಕೈ ಊರಿ, "ಅಣ್ಣಾ, ನಮ್ಮ ಗಾಡೀನ ಪ್ಯಾಸೆಂಜರ್ ಆತಲ್ರೀ" ಅಂದ. ರಾತ್ರಿಯಿಡೀ ಅವನು ಗೊರಕೆ ಹೊಡೆದ. ನನಗೆ ನಿದ್ದೆ ಬರಲಿಲ್ಲ. ಕಾಲು ಸುಮ್ನೆ ಬ್ರೇಕ್ ಹುಡುಕುತ್ತಿತ್ತು.

ಬೇಗ ಮುಟ್ಟಿಸುತ್ತದೆ ಅಂದುಕೊಳ್ಳಬೇಡಿ. ಬಹುಪಾಲು ಒಂದೇ ಹಳಿಯ ದಾರಿ, ಪ್ಯಾಸೆಂಜರ್ ರೈಲು ಬಂದಾಗೆಲ್ಲ ನಮ್ಮದು ನಿಲ್ಲುತ್ತದೆ. ಮಳೆಗಾಲದ ಟೈಮ್‌ಟೇಬಲ್ ಇದ್ದಾಗ ವೇಗ ಇನ್ನೂ ಕಮ್ಮಿ. ಆದರೆ ರಸ್ತೆಯಲ್ಲಾದರೆ ಒಬ್ಬನೇ ಡ್ರೈವರ್ ಮಲಗಿ ಎದ್ದು ಹೋಗಬೇಕಲ್ವಾ? ನಿದ್ದೆಯ ಹೊತ್ತನ್ನೂ ಸೇರಿಸಿದರೆ ರೈಲೇ ಮುಂದೆ.

ಇನ್ನು ದುಡ್ಡು. ನನ್ನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಕೊಂಕಣ ರೈಲ್ವೆ ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್. ನಮ್ಮ ಪ್ರಯಾಣ ಅದಕ್ಕಿಂತ ಸ್ವಲ್ಪ ಕಮ್ಮಿ, 700 ಅಂತ ಇಟ್ಟುಕೊಳ್ಳಿ. ಲೋಡಿನಲ್ಲಿ ನನ್ನ ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಡುತ್ತದೆ. ಅಂದರೆ 175 ಲೀಟರ್ ಡೀಸೆಲ್. ಅದರ ಜೊತೆಗೆ ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಹಟ್ಟಿಕೇರಿ, ಕರ್ನಾಟಕದೊಳಗೇ ಇಷ್ಟು ಟೋಲ್. ಇದನ್ನೂ ರೈಲಿನ ಚಾರ್ಜನ್ನೂ ಪಕ್ಕಪಕ್ಕ ಬರೆದಾಗ ಹೆಚ್ಚುಕಮ್ಮಿ ಸಮ ಬಂತು. ಥೂ, ಇಷ್ಟೇನಾ ಅನ್ನಿಸಿತು.

ಟೈರಿನ ಪುಟ ತೆರೆದಾಗ ಕಣ್ಣು ಬಿಟ್ಟಿತು. ಕಶೇಡಿ, ಪರಶುರಾಮ ಘಾಟಿಯ ತಿರುವುಗಳಲ್ಲಿ ಸವೆಯುವ ರಬ್ಬರು, ಬ್ರೇಕ್ ಲೈನರ್, ಗುಂಡಿಗೆ ಬಿದ್ದು ಮುರಿಯುವ ಸ್ಪ್ರಿಂಗ್ ಪಟ್ಟಿ, ಇವಕ್ಕೆಲ್ಲ ಟ್ರಿಪ್ಪಿನ ದಿನ ಯಾರೂ ಬಿಲ್ ಕೊಡುವುದಿಲ್ಲ. ಆರು ತಿಂಗಳು ಬಿಟ್ಟು ಒಟ್ಟಿಗೆ ಬರುತ್ತದೆ. ನಾವು ಅದನ್ನು ಗ್ರಹಚಾರ ಅಂತೀವಿ. ಹೋಗುತ್ತಾ ರೈಲು ಹತ್ತಲು ಶುರು ಮಾಡಿದ ಮೇಲೆ ಹಿಂದಿನ ಚಕ್ರಗಳ ರೀಸೋಲ್ ಖರ್ಚು, ಅಂದರೆ ಸವೆದ ಟೈರಿಗೆ ಹೊಸ ರಬ್ಬರು ಹಾಕಿಸುವ ಖರ್ಚು, ಮುಂದಕ್ಕೆ ಹೋಯಿತು.

ಹೊಗೆಯ ಲೆಕ್ಕ ನನ್ನ ಮಗಳದು, ಪಿಯುಸಿ ಓದುತ್ತಾಳೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. 175 ಲೀಟರಿಗೆ 470 ಕಿಲೋ. "ಅಪ್ಪಾ, ಒಂದು ಟ್ರಿಪ್ಪಿಗೆ ಅರ್ಧ ಟನ್ ಹತ್ತಿರ ಆಯ್ತು" ಅಂದಳು. ನಮ್ಮ ಭಾಷೆಯಲ್ಲಿ ಹತ್ತು ಮೂಟೆ ಸಿಮೆಂಟಿಗೆ ಮೂವತ್ತು ಕಿಲೋ ಕಮ್ಮಿ. ಕೊಂಕಣ ಮಾರ್ಗಕ್ಕೆ 2022ರಲ್ಲಿ ಪೂರ್ತಿ ವಿದ್ಯುತ್ ಬಂದಿದೆ, ಆದರೂ ಆ ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಉರಿದಿರುತ್ತದೆ. ಜೊತೆಗೆ ಸರಕಿನ ಮೇಲೆ ಲಾರಿಯ ಒಂಬತ್ತು ಟನ್ ಖಾಲಿ ತೂಕವನ್ನೂ ರೈಲು ಎಳೆಯಬೇಕು. ಮೂಟೆಗಳನ್ನೇ ನೇರ ವ್ಯಾಗನ್ನಿಗೆ ಹಾಕಿದರೆ ಇನ್ನೂ ಉಳಿತಾಯ. ಆದರೆ ಇಳಿಸಿ ಹತ್ತಿಸುವ ಕೂಲಿ, ಹರಿಯುವ ಚೀಲ, ಕಡೆಯ ಗೋಡೌನಿನವರೆಗೆ ಮತ್ತೆ ಒಂದು ಗಾಡಿ, ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ? ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ರಸ್ತೆಯಷ್ಟು ಎಳೆತ ಇರುವುದಿಲ್ಲ, ನನ್ನಂಥವನಿಗೆ ಸದ್ಯಕ್ಕೆ ಅಷ್ಟು ಸಾಕು.

ಇದರಿಂದ ನಷ್ಟ ಆದವರೂ ಇದ್ದಾರೆ. ಕುಮಟಾದ ಹತ್ತಿರ ನಾನು ಊಟಕ್ಕೆ ನಿಲ್ಲಿಸುತ್ತಿದ್ದ ಹೋಟೆಲಿನಮ್ಮ ಈಗ ಸಿಕ್ಕಾಗೆಲ್ಲ, "ದೊಡ್ಡ ಜನ ಆದ್ರಿ, ರೈಲಲ್ಲಿ ಹೋಗ್ತೀರಿ" ಅಂತ ಚುಚ್ಚುತ್ತಾರೆ. ಪಂಚರ್ ಅಂಗಡಿ, ಗ್ರೀಸ್ ಹೊಡೆಯುವ ಹುಡುಗರು, ಹೈವೇ ಬದಿಯ ಬದುಕು ನಡೆಯುವುದೇ ನಮ್ಮ ಲಾರಿಗಳಿಂದ.

ನನಗೆ ಎಲ್ಲಕ್ಕಿಂತ ಕಷ್ಟ ಆದದ್ದು ಓವರ್‌ಲೋಡ್ ಬಿಡುವುದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹತ್ತು ಚಕ್ರಕ್ಕೆ ಒಟ್ಟು ತೂಕ 25 ಟನ್ನಿನಿಂದ 28.5ಕ್ಕೆ ಏರಿಸಿತು. ಗಾಡಿಯ ತೂಕ ಕಳೆದರೆ ಸರಕು ಸುಮಾರು 19 ಟನ್. ಮಿತಿ ಏರಿದರೆ ಓವರ್‌ಲೋಡ್ ನಿಲ್ಲುತ್ತದೆ ಅಂದರು. ಬಾಡಿಗೆ ಮಾತ್ರ ಟನ್ನಿನ ಲೆಕ್ಕದಲ್ಲೇ ಉಳಿಯಿತು, ಹಾಗಾಗಿ ಎಲ್ಲರೂ ಹೊಸ ಮಿತಿಯ ಮೇಲೂ ಐದು ಟನ್ ಹೇರಿದರು. ನಾನೂ ಹೇರಿದ್ದೇನೆ. ಆಕ್ಸಲ್ ಮೇಲಿನ ತೂಕ ಏರಿದಂತೆ ರಸ್ತೆಗೆ ಬೀಳುವ ಹೊಡೆತ ಸುಮಾರು ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ ಅಂತ ಇಂಜಿನಿಯರುಗಳು ಹೇಳುತ್ತಾರೆ. ಆ ಐದು ಟನ್ನಿಗೆ ಹೊಡೆತ ಹತ್ತಿರ ಹತ್ತಿರ ಎರಡು ಪಟ್ಟು. ಗುಂಡಿ ಮಾಡುವವರೂ ನಾವೇ, ಗುಂಡಿಗೆ ಪಟ್ಟಿ ಮುರಿದುಕೊಂಡು ಬೈಯುವವರೂ ನಾವೇ.

ಹೋದ ಟ್ರಿಪ್ಪಿನಲ್ಲಿ ಕಲಂಬೋಲಿಯ ಬ್ರೋಕರ್ 24 ಟನ್ ಸರಳು ಇದೆ, ಈಗಲೇ ಹಾಕು ಅಂದ. 19ರ ಮೇಲೆ ಆಗಲ್ಲ ಅಂದೆ. ಕಿಸಕ್ಕನೆ ನಕ್ಕು ಹಿಂದಿನ ಲಾರಿಯವನನ್ನು ಕರೆದ. ಕ್ಲೀನರ್ ಹುಡುಗ ಎರಡು ಗಂಟೆ ನನ್ನ ಜೊತೆ ಮಾತು ಬಿಟ್ಟ. ಒಂದೂವರೆ ದಿನ ಕಾದು ಕೂತ ಮೇಲೆ 18 ಟನ್ ತಂತಿ ಸುರುಳಿ ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಆ ದಿನದ ಮುಂದೆ ಬರೆದಿದ್ದೇನೆ: ಹಾಲ್ಟಿಂಗ್, ಇಬ್ಬರ ಊಟ, ಹುಡುಗನಿಗೆ ದಿನದ ಬಾಟಾ.