ಪ್ಯಾಕೆಟ್ ಇದ್ದರೆ ಅದನ್ನೂ ತನ್ನಿ

ವಿಷದ ಕೇಸು ಹೆಚ್ಚಾಗಿ ಫೋನಿನಲ್ಲೇ ಶುರುವಾಗುತ್ತದೆ. "ಡಾಕ್ಟ್ರೇ, ನಾಯಿ ಏನೋ ತಿಂದ್ಬಿಟ್ಟಿದೆ, ಬೇಗ ಏನಾದ್ರೂ ಹೇಳಿ" ಅನ್ನುವ ಗಾಬರಿಯ ದನಿ.

ನಾನು ಯಲಹಂಕದ ಕಡೆ ಕ್ಲಿನಿಕ್ ಇಟ್ಟುಕೊಂಡಿರುವ ಪಶುವೈದ್ಯೆ. ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪರ್ಷಿಯನ್ ಬೆಕ್ಕು ನೋಡುತ್ತೇನೆ. ಮಧ್ಯಾಹ್ನ ರಾಜಾನುಕುಂಟೆ ಕಡೆಯ ಕೊಟ್ಟಿಗೆಯಲ್ಲಿ ಸೀಮೆಹಸುವಿನ ಪಕ್ಕ ಕೂತಿರುತ್ತೇನೆ. ಹಾಗಾಗಿ ವಿಷವೂ ಎಲ್ಲ ಬಗೆಯದು ಬರುತ್ತದೆ. ಇಲಿ ಪಾಷಾಣ, ಹೊಲಕ್ಕೆ ಹೊಡೆಯುವ ಔಷಧಿ, ಚಾಕೊಲೇಟು, ಎಳೆ ಜೋಳದ ಪೈರು, ಕೊಳಕುಮಂಡಲದ ಕಡಿತ. ಇಷ್ಟನ್ನೂ ನಾನು ಹೇಗೆ ಬಿಡಿಸಿಕೊಂಡು ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಫೋನಿನಲ್ಲಿ ನಾನು ಮೊದಲು ಕೇಳುವುದು "ಏನು ತಿಂತು" ಅಂತ ಅಲ್ಲ. ಯಾವ ಪ್ರಾಣಿ, ಎಷ್ಟು ತೂಕ, ತಿಂದು ಎಷ್ಟು ಹೊತ್ತಾಯಿತು ಅಂತ. ಇವಕ್ಕೆ ಮನೆಯವರ ಹತ್ತಿರ ಸರಿಯಾದ ಉತ್ತರ ಇರುತ್ತದೆ. ಏನು ತಿಂತು ಅನ್ನುವುದಕ್ಕೆ ಎಷ್ಟೋ ಸಲ ಇರುವುದು ಬರೀ ಊಹೆ. ಆಮೇಲೆ ಒಂದು ಮಾತು ಸೇರಿಸುತ್ತೇನೆ: ಪ್ಯಾಕೆಟ್ಟೋ, ಬಾಟಲಿಯೋ, ಕಚ್ಚಿದ ಎಲೆಯೋ, ಮಾಡಿದ ವಾಂತಿಯೋ, ಏನಿದ್ದರೂ ಒಂದು ಕವರಿಗೆ ಹಾಕಿಕೊಂಡು ಬನ್ನಿ. ವಾಂತಿ ಅಂದರೆ ಜನ ಮುಖ ಸಿಂಡರಿಸುತ್ತಾರೆ. ನನಗೆ ಅದರಷ್ಟು ಬೆಲೆಬಾಳುವ ವಸ್ತು ಬೇರೆ ಇಲ್ಲ.

ಮನೆಯಲ್ಲಿ ಏನನ್ನೂ ಕುಡಿಸಬೇಡಿ ಅಂತಲೂ ಹೇಳುತ್ತೇನೆ. ಕೇಳುವವರು ಕಡಿಮೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗುತ್ತಾರೆ. ಅದರಿಂದ ರಕ್ತದಲ್ಲಿ ಸೋಡಿಯಂ ಏರಿ, ವಿಷಕ್ಕಿಂತ ಮೊದಲೇ ಫಿಟ್ಸ್ ಬರಬಹುದು. ಹಾಲು ವಿಷವನ್ನು ಮುರಿಯುತ್ತದೆ ಅನ್ನುವ ನಂಬಿಕೆ ಇನ್ನೊಂದು. ಹಾಲಿನ ಕೊಬ್ಬು ಕೆಲವು ವಿಷಗಳನ್ನು ಇನ್ನೂ ಬೇಗ ಮೈಯೊಳಗೆ ಸೇರಿಸುತ್ತದೆ. ಸೀಮೆಎಣ್ಣೆಯೋ ಆಸಿಡ್ಡೋ ಕುಡಿದಿದ್ದರಂತೂ ವಾಂತಿ ಮಾಡಿಸಲೇಬಾರದು. ಆಸಿಡ್ ಗಂಟಲನ್ನು ಎರಡನೇ ಸಲ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳಿದ ಹೆಚ್ಚಿನ ಕೇಸುಗಳಲ್ಲಿ, ತಿಂದ ಎರಡು ಗಂಟೆಯೊಳಗೆ ತಂದರೆ, ಸೂಜಿ ಕೊಟ್ಟು ನಾನೇ ವಾಂತಿ ಮಾಡಿಸುತ್ತೇನೆ. ಆಮೇಲೆ ಹೊಟ್ಟೆಯಲ್ಲಿ ಉಳಿದ ವಿಷವನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಚಾರ್ಕೋಲ್, ಕೆಜಿ ತೂಕಕ್ಕೆ 1ರಿಂದ 2 ಗ್ರಾಂ. ಒಲೆಯ ಇದ್ದಿಲು ಅರೆದು ಕುಡಿಸಿದ್ದೇವೆ ಅಂತ ಬರುವವರಿದ್ದಾರೆ, ಅದು ಆ ಕೆಲಸ ಮಾಡುವುದಿಲ್ಲ.

ಟೇಬಲ್ ಮೇಲೆ ಹತ್ತಿಸಿದ ಮೇಲೆ ನಾನು ನೋಡುವುದು ಬಾಯಿ, ವಸಡು, ಕಣ್ಣಿನ ಪಾಪೆ, ಎದೆಬಡಿತ. ಹೆಸರು ಗೊತ್ತಿಲ್ಲದ ವಿಷವೂ ಇಲ್ಲೆಲ್ಲೋ ಗುರುತು ಬಿಟ್ಟಿರುತ್ತದೆ. ಜೊಲ್ಲು ಸುರಿಯುತ್ತಿದೆ, ಕಣ್ಣಲ್ಲಿ ನೀರು, ಉಚ್ಚೆ ಭೇದಿಗೆ ತಡೆಯಿಲ್ಲ, ಪಾಪೆ ಸೂಜಿಮೊನೆಯಷ್ಟಾಗಿದೆ, ಮೈಯ ಮಾಂಸ ಅದುರುತ್ತಿದೆ. ಇಷ್ಟು ಕಂಡರೆ ಪ್ಯಾಕೆಟ್ ಬೇಕಾಗಿಲ್ಲ. ಅದು ಆರ್ಗನೊಫಾಸ್ಫೇಟ್ ಅಥವಾ ಕಾರ್ಬಮೇಟ್. ಹೊಲಕ್ಕೆ ಹೊಡೆಯುವ ಔಷಧಿಗಳಲ್ಲಿ, ಉಣ್ಣಿಗೆ ಹಾಕುವ ಕೆಲವು ಮದ್ದುಗಳಲ್ಲಿ ಇವು ಇರುತ್ತವೆ. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನುವ ವಸ್ತುವನ್ನು, ಕೆಲಸ ಮುಗಿದ ಕೂಡಲೇ ಒಡೆದುಹಾಕಲು ಒಂದು ಕಿಣ್ವ ಇದೆ. ಈ ಔಷಧಿಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸುದ್ದಿ ನಿಲ್ಲುವುದೇ ಇಲ್ಲ. ಹುಳುವಿನಲ್ಲೂ ನಾಯಿಯಲ್ಲೂ ನಮ್ಮಲ್ಲೂ ಈ ಕಿಣ್ವ ಇದೆ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು ಜನ ಸತ್ತರಲ್ಲ, ಅದರಲ್ಲಿ ಬೆರೆತಿದ್ದ ಮಾನೋಕ್ರೊಟೊಫಾಸ್ ಇದೇ ಗುಂಪಿನದು.

ಇದಕ್ಕೆ ಮದ್ದು ಅಟ್ರೋಪಿನ್. ಅದೂ ವಿಷವೇ. ನಮ್ಮ ಖಾಲಿ ಸೈಟುಗಳಲ್ಲಿ ತಾನಾಗೇ ಬೆಳೆಯುವ ಉಮ್ಮತ್ತಿ ಗಿಡದಲ್ಲಿ ಇರುವುದೂ ಅದೇ. ಉಮ್ಮತ್ತಿ ತಿಂದ ಪ್ರಾಣಿಯಲ್ಲಿ ಎಲ್ಲವೂ ತಿರುಗುಮುರುಗು: ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಆ ತಿರುಗುಮುರುಗೇ ನನಗೆ ಬೇಕಾದದ್ದು. ಎದೆಯೊಳಗಿನ ಗೊರಗೊರ ನಿಂತು ಬಾಯಿ ಒಣಗುವ ತನಕ ಕೊಡುತ್ತಾ ಹೋಗುತ್ತೇನೆ. ಆರೋಗ್ಯವಾಗಿರುವ ನಾಯಿಗೆ ಅಷ್ಟು ಕೊಟ್ಟರೆ ಅದೇ ವಿಷವಾಗುತ್ತದೆ.

ಇನ್ನು ಇಲಿ ಪಾಷಾಣ. ನನ್ನ ಕ್ಲಿನಿಕ್ಕಿಗೆ ಬರುವ ವಿಷದ ಕೇಸುಗಳಲ್ಲಿ ಜಾಸ್ತಿ ತಲೆನೋವು ಇದೇ. ಅಂಗಡಿಯಲ್ಲಿ ಎಲ್ಲವನ್ನೂ "ಇಲಿ ಮದ್ದು" ಅಂತಲೇ ಕೊಡುತ್ತಾರೆ. ಒಳಗಿರುವುದು ಬೇರೆ ಬೇರೆ, ಕೊಲ್ಲುವ ದಾರಿಯೂ ಬೇರೆ.

ಬಣ್ಣದ ಬಿಲ್ಲೆಯಾಗಿ ಬರುವುದು ಸಾಮಾನ್ಯವಾಗಿ ಬ್ರೊಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಲಿವರ್ ತಯಾರು ಮಾಡುವುದು ವಿಟಮಿನ್ ಕೆ ಸಹಾಯದಿಂದ. ಈ ಮದ್ದು ಆ ವಿಟಮಿನ್ ಮತ್ತೆ ಬಳಕೆಗೆ ಬಾರದ ಹಾಗೆ ಮಾಡುತ್ತದೆ. ಆದರೆ ಮೈಯಲ್ಲಿ ಆಗಲೇ ತಯಾರಾಗಿರುವ ದಾಸ್ತಾನು ಸ್ವಲ್ಪ ಕಾಲ ನಡೆಯುತ್ತದಲ್ಲ. ಹಾಗಾಗಿ ತಿಂದ ದಿನ ನಾಯಿ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತದೆ. ಮೂರರಿಂದ ಐದು ದಿನಕ್ಕೆ ವಸಡು ಬಿಳಚಿಕೊಳ್ಳುತ್ತದೆ, ಕೆಮ್ಮು ಬರುತ್ತದೆ, ಎದೆಯೊಳಗೆ ರಕ್ತ ತುಂಬಿಕೊಂಡಿರುತ್ತದೆ. "ಇಲಿ ಮದ್ದು ಇಟ್ಟಿದ್ದು ಹೋದ ವಾರ ಮೇಡಂ, ಅದಕ್ಕೂ ಇದಕ್ಕೂ ಏನು ಸಂಬಂಧ" ಅನ್ನುತ್ತಾರೆ. ಅದೇ ಸಂಬಂಧ.

ಸಂತೋಷದ ವಿಷಯ ಅಂದರೆ ಇದಕ್ಕೆ ಮದ್ದಿದೆ: ವಿಟಮಿನ್ ಕೆ1. ಅದೇ ವಿಟಮಿನ್ನಿನ ಇನ್ನೊಂದು ರೂಪವಾದ ಕೆ3 ಕೊಟ್ಟರೆ ಉಪಯೋಗವಿಲ್ಲ. ಎಣ್ಣೆಯೋ ತುಪ್ಪವೋ ಇರುವ ಊಟದ ಜೊತೆ ಕೊಟ್ಟರೆ ಚೆನ್ನಾಗಿ ಒಳಗೆ ಸೇರುತ್ತದೆ. ಮೂರು ನಾಲ್ಕು ವಾರ ಕೊಡಬೇಕು, ಯಾಕೆಂದರೆ ಈ ವಿಷ ಲಿವರಿನಲ್ಲಿ ಅಷ್ಟು ಕಾಲ ಕೂತಿರುತ್ತದೆ. ನನ್ನ ಜಗಳ ಇಲ್ಲೇ. ವಾರಕ್ಕೆ ನಾಯಿ ಹುಷಾರಾದ ಕೂಡಲೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಈಗ ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡುತ್ತೇನೆ: ಮಾತ್ರೆ ಮುಗಿದ ಎರಡು ದಿನಕ್ಕೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬನ್ನಿ, ಅದು ಸರಿಯಿದ್ದರೆ ಮಾತ್ರ ಬಿಡುಗಡೆ. ಇಲಿಯ ಲಿವರಿನಲ್ಲೂ ಇದು ಹೀಗೇ ಉಳಿಯುತ್ತದೆ. ಆ ಇಲಿಯನ್ನು ತಿಂದ ಗೂಬೆಗೂ ಅದೇ ಗತಿ.

ಕಪ್ಪು ಬೂದು ಪುಡಿ ಅಂದರೆ ಜಿಂಕ್ ಫಾಸ್ಫೈಡ್. ಬಜ್ಜಿಯೊಳಗೋ ಹಿಟ್ಟಿನ ಉಂಡೆಯೊಳಗೋ ಕಲಸಿ ಇಟ್ಟಿರುತ್ತಾರೆ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಫಾಸ್ಫೀನ್ ಅನಿಲ ಏಳುತ್ತದೆ. ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ. ಇದಕ್ಕೆ ಮದ್ದಿಲ್ಲ, ಉಸಿರು ಮತ್ತು ಎದೆ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ. ಏನಾದರೂ ತಿನ್ನಿಸಿದರೆ ಹೊಟ್ಟೆಯಲ್ಲಿ ಆಮ್ಲ ಜಾಸ್ತಿಯಾಗಿ ಅನಿಲವೂ ಜಾಸ್ತಿಯಾಗುತ್ತದೆ, ಅದಕ್ಕೇ ಒಂದು ತುತ್ತು ಅನ್ನವನ್ನೂ ಕೊಡಬೇಡಿ ಅನ್ನುತ್ತೇನೆ. ಈ ಕೇಸಿನಲ್ಲಿ ವಾಂತಿ ಮಾಡಿಸುವುದು ಕ್ಲಿನಿಕ್ಕಿನ ಒಳಗಲ್ಲ, ಹೊರಗೆ ಗಾಳಿಯಲ್ಲಿ. ಕಾರಿನಲ್ಲಿ ತರುವವರಿಗೆ ಎಲ್ಲ ಕಿಟಕಿ ಇಳಿಸಿಕೊಂಡು ಬನ್ನಿ ಅಂತ ಹೇಳುತ್ತೇನೆ. ಆ ಅನಿಲಕ್ಕೆ ನಾಯಿ, ಡಾಕ್ಟರು, ಮಾಲೀಕರು ಅನ್ನುವ ಭೇದ ಇಲ್ಲ.

ಟ್ಯೂಬಿನಲ್ಲಿ ಪೇಸ್ಟಾಗಿ ಬರುವುದು ಹಳದಿ ರಂಜಕ, ಅಂದರೆ ಫಾಸ್ಫರಸ್. ಶೇಕಡಾ 3 ಅಷ್ಟೇ ಇದ್ದರೂ ಇದೇ ಮೋಸದ್ದು. ಮೊದಲ ದಿನ ವಾಂತಿ ಆಗುತ್ತದೆ, ಆಮೇಲೆ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ, ಅಷ್ಟರಲ್ಲಿ ಲಿವರ್ ಕೈಕೊಟ್ಟಿರುತ್ತದೆ. ಇದಕ್ಕೂ ಮದ್ದಿಲ್ಲ. ಮಾತ್ರೆಯಲ್ಲಿ ಗುಣವಾಗುವ ವಿಷವೋ, ಕೈಮೀರುವ ವಿಷವೋ ಅನ್ನುವುದು ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾನು ಅದಕ್ಕಾಗಿ ಅಷ್ಟು ಕಾಡುವುದು ಸುಮ್ನೆ ಅಲ್ಲ.

ಬೆಕ್ಕಿನ ಕೇಸುಗಳೇ ಬೇರೆ. ಬೆಕ್ಕಿಗೆ ಮೈ ಬಿಸಿಯಾಗಿದೆ ಅಂತ ಮನೆಯವರೇ ಪ್ಯಾರಸಿಟಮಾಲ್ ಕೊಟ್ಟಿರುತ್ತಾರೆ. "ಮಗೂಗೆ ಕೊಡೋ ಸಿರಪ್ಪೇ ಮೇಡಂ, ಜಾಸ್ತಿ ಏನೂ ಹಾಕಿಲ್ಲ." ಮಗುವಿನ ಲಿವರ್ ಮಾಡುವ ಒಂದು ಕೆಲಸ ಬೆಕ್ಕಿನ ಲಿವರಿಗೆ ಬರುವುದಿಲ್ಲ. ಈ ಔಷಧಿಯನ್ನು ಗ್ಲುಕುರಾನಿಕ್ ಆಮ್ಲದ ಜೊತೆ ಕಟ್ಟಿ ಹೊರಗೆ ಸಾಗಿಸುವ ಕಿಣ್ವ ಬೆಕ್ಕಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಔಷಧಿ ಒಳಗೇ ಉಳಿದು ಕೆಟ್ಟ ರೂಪಕ್ಕೆ ತಿರುಗುತ್ತದೆ. ಹಿಮೋಗ್ಲೋಬಿನ್ ಹಾಳಾಗಿ ಮೆಥಿಮೋಗ್ಲೋಬಿನ್ ಆಗುತ್ತದೆ, ಅದು ಆಮ್ಲಜನಕ ಹೊರುವುದಿಲ್ಲ. ವಸಡು ಕಂದು ಬಣ್ಣಕ್ಕೆ ಬರುತ್ತದೆ. ಮುಖ, ಪಾದ ಊದುತ್ತವೆ. 500 ಮಿಲಿಗ್ರಾಂನ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಹುದು. ಬೇಗ ತಂದರೆ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟು ಉಳಿಸಿಕೊಳ್ಳಬಹುದು. ನಾಯಿಯ ಉಣ್ಣಿಗೆ ಬೆನ್ನ ಮೇಲೆ ಬಿಡುವ ಪರ್ಮೆಥ್ರಿನ್ ಹನಿಯೂ ಇಂಥದ್ದೇ. ನಾಯಿಗೆ ಏನೂ ಆಗುವುದಿಲ್ಲ, ಅದೇ ಹನಿ ಬಿದ್ದ ಬೆಕ್ಕು ನಡುಗುತ್ತಾ ಫಿಟ್ಸಿಗೆ ಹೋಗುತ್ತದೆ.

ಈ ಕಂದು ರಕ್ತವನ್ನು ನಾನು ಬೇಕೆಂದೇ ಮಾಡುವ ಸಂದರ್ಭ ಒಂದಿದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಅಥವಾ ಕೊಯ್ದ ಮೇಲೆ ಚಿಗುರಿದ ಕೂಳೆ ಪೈರು, ಇವನ್ನು ಹಸು ಮೇಯ್ದಾಗ. ಎಳೆ ಜೋಳದಲ್ಲಿ ಧುರಿನ್ ಅನ್ನುವ ವಸ್ತು ಇದೆ. ಹಸು ಅಗಿದಾಗ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ, ಸೈನೈಡ್ ಬಿಡುಗಡೆಯಾಗುತ್ತದೆ. ಜೀವಕೋಶ ಆಮ್ಲಜನಕ ಬಳಸುವುದನ್ನೇ ಅದು ನಿಲ್ಲಿಸುತ್ತದೆ. ಹಸು ಉಸಿರಿಗಾಗಿ ಒದ್ದಾಡುತ್ತಿರುತ್ತದೆ, ರಕ್ತ ಮಾತ್ರ ಕೆಂಪಗೆ ಹೊಳೆಯುತ್ತಿರುತ್ತದೆ. ಆಗ ರಕ್ತನಾಳಕ್ಕೆ ಕೊಡುವುದು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್. ನೈಟ್ರೈಟ್ ಒಂದಷ್ಟು ಹಿಮೋಗ್ಲೋಬಿನ್ನನ್ನು ಮೆಥಿಮೋಗ್ಲೋಬಿನ್ ಮಾಡುತ್ತದೆ, ಅದು ಸೈನೈಡನ್ನು ಹಿಡಿದುಕೊಳ್ಳುತ್ತದೆ. ಥಯೋಸಲ್ಫೇಟ್ ಅದನ್ನು ಅಪಾಯವಿಲ್ಲದ ರೂಪಕ್ಕೆ ತಂದು ಉಚ್ಚೆಯಲ್ಲಿ ಹೊರಗೆ ಕಳಿಸುತ್ತದೆ. ಬೆಕ್ಕನ್ನು ಕೊಲ್ಲುತ್ತಿದ್ದ ಕಂದು ರಕ್ತ ಇಲ್ಲಿ ಹಸುವನ್ನು ಉಳಿಸುತ್ತದೆ. ವಿಷಶಾಸ್ತ್ರದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಬೇಗ ತಲುಪಿದರೆ ಮಾತ್ರ, ಅನ್ನಿ. ಎಷ್ಟೋ ಸಲ ನಾವು ಹೋಗುವಷ್ಟರಲ್ಲಿ ಹಸು ಹೋಗಿರುತ್ತದೆ.

ಅಡುಗೆಮನೆಯ ವಿಷಗಳಿಗೆ ನನ್ನ ಮುಖ್ಯ ಆಯುಧ ಕ್ಯಾಲ್ಕುಲೇಟರ್. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಅನ್ನುವ ವಸ್ತು ನಾಯಿಯ ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತದೆ, ಅರ್ಧ ಇಳಿಯಲು 17 ಗಂಟೆಗೂ ಜಾಸ್ತಿ ಬೇಕು. ಕೆಜಿಗೆ 20 ಮಿಲಿಗ್ರಾಂ ದಾಟಿದರೆ ತೊಂದರೆ ಶುರು, 60 ದಾಟಿದರೆ ಫಿಟ್ಸ್. ಹಾಲಿನ ಚಾಕೊಲೇಟಿನಲ್ಲಿ ಗ್ರಾಂಗೆ ಸುಮಾರು 2 ಮಿಲಿಗ್ರಾಂ ಇರುತ್ತದೆ. 30 ಕೆಜಿಯ ಲ್ಯಾಬ್ರಡಾರ್ 50 ಗ್ರಾಂ ತಿಂದರೆ ಕೆಜಿಗೆ ಮೂರು ಚಿಲ್ಲರೆ ಆಯಿತು. ಮನೆಯಲ್ಲೇ ಇರಿ, ಗಾಬರಿ ಬೇಡ ಅನ್ನುತ್ತೇನೆ. ಅಷ್ಟೇ ತೂಕದ ಕೇಕಿಗೆ ಹಾಕುವ ಕಡುಕಪ್ಪು ಚಾಕೊಲೇಟನ್ನು 3 ಕೆಜಿಯ ಪಾಮರೇನಿಯನ್ ತಿಂದರೆ ಲೆಕ್ಕ 150 ದಾಟುತ್ತದೆ. ಆಗ ನಾನೇ ಅವಸರ ಮಾಡುತ್ತೇನೆ. ದ್ರಾಕ್ಷಿಗೆ ಇಂಥ ಲೆಕ್ಕ ಇಲ್ಲ. ಒಂದು ನಾಯಿಗೆ ಏನೂ ಆಗುವುದಿಲ್ಲ, ಇನ್ನೊಂದರ ಕಿಡ್ನಿ ಹೋಗುತ್ತದೆ. ಟಾರ್ಟಾರಿಕ್ ಆಮ್ಲದ ಮೇಲೆ ಈಗ ಬಲವಾದ ಅನುಮಾನ. ಹುಣಸೆಹಣ್ಣಿನಲ್ಲೂ ಅದೇ ಇರುವುದರಿಂದ, ಉಳಿದ ಪುಳಿಯೋಗರೆಯನ್ನೂ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನೂ ನಾಯಿಯ ತಟ್ಟೆಗೆ ಹಾಕಬೇಡಿ ಅನ್ನುತ್ತೇನೆ.

ಗಿಡಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಆಫೀಸುಗಳ ಮುಂದೆ ಅಂದಕ್ಕೆ ನೆಡುವ ಸೈಕಾಸ್, ಅದರ ಬೀಜ ಅಗಿದ ನಾಯಿಯ ಲಿವರ್ ಉಳಿಸುವುದು ಕಷ್ಟ. ಕಣಗಿಲೆ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ.

ಹಾವಿನ ವಿಷಯದಲ್ಲಿ ಪ್ಯಾಕೆಟ್ ಕೇಳುವ ಹಾಗಿಲ್ಲ. ಹಾವನ್ನು ಹಿಡಿದು ತರಲು ಹೋಗಬೇಡಿ, ನನಗೆ ನಾಯಿಯ ರಕ್ತ ಸಾಕು. ಸ್ವಲ್ಪ ರಕ್ತವನ್ನು ಶುದ್ಧವಾದ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಬಗ್ಗಿಸಿ ನೋಡುತ್ತೇನೆ. ಹೆಪ್ಪುಗಟ್ಟದೆ ಹರಿದರೆ ಹೆಚ್ಚಾಗಿ ಕೊಳಕುಮಂಡಲದ ಲೆಕ್ಕ. ನಾಗರಹಾವು, ಕಟ್ಟುಹಾವುಗಳಾದರೆ ರೆಪ್ಪೆ ಜೋತುಬೀಳುತ್ತದೆ, ಉಸಿರು ಸೋಲುತ್ತದೆ. ಮದ್ದು ಎರಡಕ್ಕೂ ಒಂದೇ, ಕುದುರೆಯ ರಕ್ತದಿಂದ ತಯಾರಾಗುವ, ನಾಲ್ಕು ಹಾವುಗಳಿಗೆ ಆಗುವ ಆ್ಯಂಟಿವೆನಮ್. "ಚಿಕ್ಕ ನಾಯಿ ಅಲ್ವಾ, ಅರ್ಧ ಬಾಟಲಿ ಸಾಕಲ್ವಾ" ಅಂತ ಕೇಳುತ್ತಾರೆ. ಸಾಲದು. ನಾಯಿ ಚಿಕ್ಕದಾಯಿತು ಅಂತ ಹಾವು ಕಡಿಮೆ ವಿಷ ಬಿಟ್ಟಿರುವುದಿಲ್ಲ. ಅದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆಯಾಗುತ್ತದೆ. ಅದರ ಮೇಲೆ ಇಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ನಡೆಯುತ್ತಿದೆ.

ಕೊನೆಯದು ನಾವು ಡಾಕ್ಟರುಗಳೇ ಹಾಕುತ್ತಿದ್ದ ವಿಷ. ಹಸುವಿಗೆ ಕಾಲುನೋವು, ಜ್ವರ ಅಂದರೆ ಹಿಂದೆ ಡೈಕ್ಲೊಫೆನಾಕ್ ಸೂಜಿ ಮಾಮೂಲಿ. ಹಸುವಿಗೆ ಒಳ್ಳೆಯದೇ ಆಗುತ್ತಿತ್ತು. ಆ ಹಸು ಸತ್ತರೆ, ಅದನ್ನು ತಿಂದ ರಣಹದ್ದಿನ ಕಿಡ್ನಿ ನಿಂತುಹೋಗಿ, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಬಿಳಿ ಪುಡಿಯಾಗಿ ಕೂರುತ್ತಿತ್ತು. 2004ರಲ್ಲಿ ಕಾರಣ ಪ್ರಕಟವಾಗುವಷ್ಟರಲ್ಲಿ ದೇಶದ ರಣಹದ್ದುಗಳು ಬಹುಪಾಲು ಹೋಗಿದ್ದವು. 2006ರಲ್ಲಿ ದನಗಳಿಗೆ ಇದನ್ನು ಬಳಸುವುದು ನಿಷೇಧವಾಯಿತು. 2015ರಲ್ಲಿ ಮನುಷ್ಯರಿಗೆ ಮಾರುವ ಬಾಟಲಿಯನ್ನೂ 3 ಎಂಎಲ್‌ಗೆ ಇಳಿಸಿದರು, ದನಕ್ಕೆ ಹಾಕಲು ಕಷ್ಟವಾಗಲಿ ಅಂತಲೇ. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಅನ್ನುವ ನೋವಿನ ಮದ್ದುಗಳು ಕೂಡ ದನಗಳಿಗೆ ನಿಷೇಧವಾದವು. ನಮಗೆ ಹತ್ತಿರದ ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಿಂದ ರಣಹದ್ದುಗಳಿಗೆಂದೇ ಅಭಯಾರಣ್ಯ ಇದೆ. ಈಗಲೂ ಕೆಲವರು ಮೆಡಿಕಲ್ ಸ್ಟೋರಿನಿಂದ ಡೈಕ್ಲೊ ಬಾಟಲಿಗಳನ್ನು ತಂದು "ಇದನ್ನೇ ಹಾಕಿ ಮೇಡಂ, ಹೋದ ಸಲ ಚೆನ್ನಾಗಿ ಕೆಲಸ ಮಾಡಿತ್ತು" ಅನ್ನುತ್ತಾರೆ. ನಾನು ಹಾಕುವುದು ಮೆಲಾಕ್ಸಿಕಾಮ್. ಹಸುವಿನ ನೋವಿಗೂ ಆಗುತ್ತದೆ, ರಣಹದ್ದಿಗೂ ತೊಂದರೆಯಿಲ್ಲ. ತಂದ ಬಾಟಲಿಗಳನ್ನು ಅಂಗಡಿಗೇ ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.